ಒಂದೆಲಗ, ಇಲಿಗಳು ಮತ್ತು ನಾನು ನಿಂತ ಜಾಗ

ಅಥವಾ ಆ ತೊಟ್ಟಿ ನೀಲಿಯಾಗಿರಲೇ ಇಲ್ಲವೇನೋ. ನೀಲಿ ಎಂದೇ ಬರೆಯುತ್ತ ಬಂದು, ಹಾಳೆ ತುಂಬಿದ ಮೇಲೆ ಅನುಮಾನ ಬಂತು, ಹರಿದು ಹಾಕಿದೆ. ಕಣ್ಣು ಮುಚ್ಚಿದರೆ ಈಗಲೂ ನೀಲಿಯೇ ಕಾಣುತ್ತದೆ. ಆದರೆ ನಮ್ಮ ಡೊಂಬಿವಲಿಯ ಕಟ್ಟಡದ ಮೇಲಿರುವ ನೀರಿನ ಟ್ಯಾಂಕಿನ ಮುಚ್ಚಳವೂ ನೀಲಿ. ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ದಿನವೂ ಅದನ್ನು ನೋಡುತ್ತೇನೆ. ಆ ಬಣ್ಣ ಈ ತೊಟ್ಟಿಗೆ ಸೋರಿಕೊಂಡಿರಬಹುದು. ಮೂವತ್ತಕ್ಕೂ ಹೆಚ್ಚು ವರ್ಷ ಇಲಿಗಳ ನೆನಪನ್ನು ಸ್ಟಾಪ್‌ವಾಚ್ ಹಿಡಿದು ಅಳೆದವಳಿಗೆ ತನ್ನ ನೆನಪಿನ ಮೇಲೆ ಇಷ್ಟು ಕಡಿಮೆ ನಂಬಿಕೆ ಇರುವುದು ತಮಾಷೆಯಾಗಿ ಕಾಣಬಹುದು. ನನಗೆ ಅದು ಸಹಜವೆನಿಸುತ್ತದೆ. ಮಿಠಾಯಿ ಅಂಗಡಿಯವನಿಗೆ ಮಿಠಾಯಿ ರುಚಿಸದ ಹಾಗೆ.

ತೊಟ್ಟಿ ಯಾವ ಬಣ್ಣದ್ದಾದರೂ ಇರಲಿ, ದುಂಡಗಿತ್ತು, ನನ್ನ ಸೊಂಟದಷ್ಟು ಎತ್ತರವಿತ್ತು. ಅದು ನವಿ ಮುಂಬಯಿಯ ಮಹಾಪೆ ಕೈಗಾರಿಕಾ ಪ್ರದೇಶದಲ್ಲಿ, ಔಷಧಿ ಪರೀಕ್ಷೆ ಮಾಡುವ ಒಂದು ಖಾಸಗಿ ಪ್ರಯೋಗಶಾಲೆಯ ಎರಡನೆಯ ಮಹಡಿಯಲ್ಲಿತ್ತು. ಆಲ್ಝೈಮರ್ ಕಾಯಿಲೆಯಲ್ಲಿ ಕಳೆದುಹೋಗುವ ನೆನಪನ್ನು ಗಿಡಮೂಲಿಕೆಗಳ ಅಂಶಗಳು ಕಾಪಾಡಬಲ್ಲವೇ ಎಂದು ನೋಡುವುದು ನಮ್ಮ ವಿಭಾಗದ ಕೆಲಸ. ನಾನು ಕಲ್ಯಾಣದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ತಂದೆ ಕಾರ್ಕಳದ ಕಡೆಯಿಂದ ಬಂದು ಕಲ್ಯಾಣ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ನನಗೆ ಸಿಕ್ಕ ಬಡ್ತಿಗಳ ಕತೆ ಇಲ್ಲಿ ಬೇಡ. ಅವೆಲ್ಲ ಒಂದೇ ಬಗೆಯ ಕಾಗದದಲ್ಲಿ, ಒಂದೇ ಬಗೆಯ ವಾಕ್ಯಗಳಲ್ಲಿ ಬಂದವು. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಆ ಕೋಣೆಯಲ್ಲಿ ನಿಜವಾಗಿ ಏನು ನಡೆಯುತ್ತಿತ್ತು ಎಂಬುದನ್ನು ಹೇಳುವುದು ನನ್ನ ಉದ್ದೇಶ. ನಿಜವಾಗಿ ಎಂಬ ಪದವನ್ನು ಬಳಸುವಾಗ ಪೆನ್ನನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿಕೊಳ್ಳುತ್ತೇನೆ, ಅಷ್ಟೆ.

ಕೆಲಸ ಹೀಗಿತ್ತು. ತೊಟ್ಟಿಗೆ ನೀರು ತುಂಬಿಸಿ, ತಳ ಕಾಣದ ಹಾಗೆ ಹಾಲಿನ ಪುಡಿ ಕಲಸುತ್ತಿದ್ದೆವು. ನೀರಿನ ಮೇಲ್ಮೈಗಿಂತ ಒಂದು ಬೆರಳು ಕೆಳಗೆ, ಒಂದು ಕಡೆ, ತಟ್ಟೆಯಷ್ಟಗಲದ ಚಿಕ್ಕ ಪ್ಲಾಟ್‌ಫಾರ್ಮ್ ಅಡಗಿರುತ್ತಿತ್ತು. ಬಿಳಿ ಇಲಿಯನ್ನು ನೀರಿಗೆ ಬಿಟ್ಟರೆ ಅದು ಈಜಿ ಈಜಿ ಆ ಪ್ಲಾಟ್‌ಫಾರ್ಮನ್ನು ಹುಡುಕಿ ಮೇಲೆ ನಿಲ್ಲಬೇಕು. ಕೋಣೆಯ ಗೋಡೆಯ ಮೇಲೆ ಬಣ್ಣದ ಕಾಗದದ ತ್ರಿಕೋನ, ಚೌಕಗಳನ್ನು ಅಂಟಿಸಿರುತ್ತಿದ್ದೆವು. ಅವುಗಳ ಗುರುತು ಹಿಡಿದು ಇಲಿ ದಿನದಿಂದ ದಿನಕ್ಕೆ ಬೇಗ ಬೇಗ ಜಾಗ ಸೇರುತ್ತದೆ. ಅದು ನೆನಪು. ನೆನಪು ಕೆಡಿಸುವ ಚುಚ್ಚುಮದ್ದು ಕೊಟ್ಟ ಇಲಿ ತೊಟ್ಟಿಯ ಗೋಡೆಯ ಅಂಚಿನಲ್ಲೇ ಸುತ್ತು ಹಾಕುತ್ತದೆ. ಅದು ಮರೆವು. ದಿನವೂ ಠಾಣೆಯಲ್ಲಿ ಇಳಿದು, ಜನರ ಅಲೆಯಲ್ಲಿ ಕಾಲು ಎತ್ತಿಕೊಂಡು, ವಾಶಿ ಕಡೆಯ ಗಾಡಿ ಹಿಡಿದು ಕೋಪರ್‌ಖೈರಣೆಗೆ ಹೋಗುತ್ತಿದ್ದ ನನಗೆ ಆ ಇಲಿಗಳ ಅವಸ್ಥೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು.

ಮರೆಸುವ ಆ ಚುಚ್ಚುಮದ್ದೂ ಮೂಲದಲ್ಲಿ ಗಿಡದ್ದೇ, ಉಮ್ಮತ್ತಿಯಂಥ ಗಿಡಗಳಲ್ಲಿ ಇರುವಂಥದ್ದು ಎಂದು ತಿಳಿದ ದಿನ ನಾನು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸು ತಂದೆ. ಮರೆಸುವುದೂ ಗಿಡ, ನೆನಪಿಸಬೇಕಾದ್ದೂ ಗಿಡ. ನಡುವೆ ಒಂದು ಇಲಿ, ನಾನು, ಒಂದು ಸ್ಟಾಪ್‌ವಾಚ್.

ಮೊದಲ ದೊಡ್ಡ ಎಡವಟ್ಟು ಹಾಲಿನದು. ಮೇ ತಿಂಗಳ ಒಂದು ಶನಿವಾರ ತೊಟ್ಟಿ ಖಾಲಿ ಮಾಡದೆ ಮನೆಗೆ ಹೋದೆ. ಅವತ್ತೇ ರಾತ್ರಿ ಎ.ಸಿ. ಕೆಟ್ಟಿತು. ಸೋಮವಾರ ಬಂದಾಗ ಎರಡನೆಯ ಮಹಡಿಗೆ ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ಇಡೀ ತೊಟ್ಟಿ ಮೊಸರಾಗಿ, ಮೊಸರನ್ನೂ ದಾಟಿ ಬೇರೇನೋ ಆಗಿತ್ತು. ಕೆಳಗಿನ ಮಹಡಿಯವರು ಇಲಿ ಸತ್ತಿವೆ ಎಂದು ದೂರು ಕೊಟ್ಟಿದ್ದರು. ಇಲಿಗಳು ಆರೋಗ್ಯವಾಗಿದ್ದವು. ಅವತ್ತು ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಇನಾಮದಾರ್ ಬಂದರು, ಮೂಗಿಗೆ ಕರವಸ್ತ್ರ ಹಿಡಿದು ತೊಟ್ಟಿಯನ್ನು ಒಂದು ಸುತ್ತು ಹಾಕಿದರು, ಇಷ್ಟು ಮಜ್ಜಿಗೆಗೆ ಒಗ್ಗರಣೆ ಎಲ್ಲಿಂದ ತರುವುದು ಎಂದು ಕೇಳಿ, ತಾವೇ ಪ್ಯಾಂಟು ಮಡಚಿ ಬಕೆಟು ಹಿಡಿದರು.

ಇನಾಮದಾರ್ ಸರ್ ಧಾರವಾಡದವರು. ಠಾಣೆಗೆ ಬಂದು ನಲವತ್ತು ವರ್ಷವಾದರೂ ಅವರ ಮಾತು ಧಾರವಾಡದಲ್ಲೇ ಉಳಿದಿತ್ತು. ನನ್ನನ್ನು ಜಲಜಾಬಾಯಾರ ಎನ್ನುತ್ತಿದ್ದರು. ಅದರಲ್ಲಿ ಗೌರವ ಎಷ್ಟು, ಚುಡಾಯಿಸುವಿಕೆ ಎಷ್ಟು ಎಂದು ಕೊನೆಯವರೆಗೂ ಬೇರ್ಪಡಿಸಲು ಆಗಲಿಲ್ಲ. ದಾಖಲೆ ಪುಸ್ತಕವನ್ನು ಶಾಯಿಯಲ್ಲೇ ಬರೆಯಬೇಕು, ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಗೆರೆಯ ಕೆಳಗಿನ ತಪ್ಪು ಓದಲು ಬರಬೇಕು ಎಂಬುದು ಅವರ ಕಟ್ಟುನಿಟ್ಟು. ಒಮ್ಮೆ ನಾನು, ಇಲಿ ಗಾಬರಿಗೊಂಡಿತು ಎಂದು ಬರೆದಿದ್ದೆ. ಪುಸ್ತಕವನ್ನು ನನ್ನ ಮೇಜಿಗೆ ತಂದು, ಬೆರಳಿಟ್ಟು ಹೇಳಿದರು:

"ಕಂಡದ್ದ ಬರೀರಿ, ಜಲಜಾಬಾಯಾರ. ತಿಳದದ್ದ ಬರೀಬ್ಯಾಡ್ರಿ."

ನಾನು ಅದನ್ನು ತಿದ್ದಿ, ಇಲಿ ಹದಿನಾಲ್ಕು ಸೆಕೆಂಡು ಗೋಡೆಗೆ ಅಂಟಿ ಈಜಿತು ಎಂದು ಬರೆದೆ. ಹೊಸಬರೇ, ನನ್ನಿಂದ ಒಂದೇ ಪಾಠ ಬೇಕೆಂದರೆ ಅದು ಇದು. ಆದರೆ ಈಗ ಈ ಬರಹದಲ್ಲಿ ನಾನು ಮಾಡುತ್ತಿರುವುದೆಲ್ಲ ತಿಳಿದದ್ದನ್ನು ಬರೆಯುವುದೇ. ಕಂಡದ್ದು ಎಲ್ಲೋ ಅಡಿಯಲ್ಲಿ ಸಿಕ್ಕಿಹಾಕಿಕೊಂಡಿದೆ.

ನಮ್ಮ ಕೈಯಲ್ಲಿ ಎಷ್ಟೋ ಗಿಡಗಳು ಹಾದುಹೋದವು. ಅರಿಶಿನದ ಹಳದಿ ಅಂಶ ಗಾಜಿನ ತಟ್ಟೆಯಲ್ಲಿ ಅದ್ಭುತ, ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರುವುದೇ ಕಷ್ಟ. ಜಟಾಮಾಂಸಿ ಕೊಟ್ಟ ಇಲಿಗಳು ಚೆನ್ನಾಗಿ ನಿದ್ದೆ ಮಾಡಿದವು. ನಿದ್ದೆಯಲ್ಲಿರುವ ಇಲಿಯ ನೆನಪನ್ನು ಅಳೆಯುವುದು ಹೇಗೆ? ಮಳೆಗಾಲದಲ್ಲಿ ಕಿತ್ತ ಎಲೆಗೂ ಬೇಸಿಗೆಯಲ್ಲಿ ಕಿತ್ತ ಎಲೆಗೂ ಅಂಶದಲ್ಲಿ ವ್ಯತ್ಯಾಸ. ಒಂದೇ ಗಿಡ ಎರಡು ಸಲ ಎರಡು ಉತ್ತರ ಕೊಡುತ್ತಿತ್ತು. ಇದು ಹುಚ್ಚು ಸಾಹಸವೇನಲ್ಲ. ಈ ಕಾಯಿಲೆಗೆ ಈಗ ಕೊಡುವ ಮಾತ್ರೆಗಳಲ್ಲೊಂದು ಮೊದಲು ದೊರೆತದ್ದು ಹೂಗಿಡದ ಗಡ್ಡೆಯಿಂದಲೇ. ಹಾಗಾಗಿ ಪ್ರತಿ ಹೊಸ ಗಿಡ ಬಂದಾಗಲೂ ನಮ್ಮ ಮೈ ಸ್ವಲ್ಪ ಜುಮ್ಮೆನ್ನುತ್ತಿತ್ತು.

ಒಂದೆಲಗ ಬಂದಾಗ ನನ್ನದು ಸ್ವಲ್ಪ ಹೆಚ್ಚೇ ಜುಮ್ಮೆಂದಿತು. ತುಳುವಿನಲ್ಲಿ ನಾವು ಅದನ್ನು ತಿಮರೆ ಎನ್ನುತ್ತೇವೆ. ಕಲ್ಯಾಣದ ಮನೆಯ ಹಿಂದಿನ ಮೋರಿಯ ಪಕ್ಕ ಅಮ್ಮ ಅದನ್ನು ಬೆಳೆಸಿ, ಪರೀಕ್ಷೆಯ ದಿನಗಳಲ್ಲಿ ಚಟ್ನಿ ಮಾಡಿ ತಿನ್ನಿಸುತ್ತಿದ್ದಳು. ಎಲೆಯ ಅಂಶ ಇಲಿಗಳಲ್ಲಿ ಕೆಲಸ ಮಾಡಲಿ ಎಂದು ನಾನು ಬಯಸಿದೆ. ಬಯಸುವುದು ನಮ್ಮ ಕೆಲಸದಲ್ಲಿ ತಪ್ಪಲ್ಲ; ಬಯಸಿದ್ದು ಕೈಗೆ ಇಳಿಯಬಾರದು, ಅಷ್ಟೆ.

ಇಳಿಯಿತು. ಹೇಗೆಂದು ಹೇಳುತ್ತೇನೆ.

ಮೂರು ಗುಂಪು ಇಲಿಗಳು. ಮೊದಲನೆಯದಕ್ಕೆ ಬರೀ ನೀರು. ಎರಡನೆಯದಕ್ಕೆ ನೀರು ಮತ್ತು ಮರೆಸುವ ಚುಚ್ಚುಮದ್ದು. ಮೂರನೆಯದಕ್ಕೆ ಒಂದೆಲಗದ ಸಾರ ಮತ್ತು ಚುಚ್ಚುಮದ್ದು. ನೀರನ್ನಾಗಲಿ ಸಾರವನ್ನಾಗಲಿ ಮೊಂಡು ಮೂತಿಯ ಸೂಜಿಯಿಂದ ನೇರ ಇಲಿಯ ಗಂಟಲಿಗೆ ಇಳಿಸಬೇಕು. ನೀರು ಸುಲಭವಾಗಿ ಇಳಿಯುತ್ತದೆ. ಒಂದು ಇಲಿಗೆ ಅರ್ಧ ನಿಮಿಷ. ಒಂದೆಲಗದ ಸಾರ ಮಂದ, ಕಹಿ. ಇಲಿ ಒದ್ದಾಡುತ್ತದೆ, ಮೂತಿ ಹಸಿರಾಗುತ್ತದೆ. ಹಾಗಾಗಿ ಸಾರ ಕುಡಿದ ಪ್ರತಿ ಇಲಿಯನ್ನೂ ನಾನು ಮಡಿಲಲ್ಲಿಟ್ಟುಕೊಂಡು, ಒದ್ದೆ ಬಟ್ಟೆಯಿಂದ ಮೂತಿ ಒರೆಸಿ, ಬೆನ್ನು ಸವರುತ್ತಿದ್ದೆ. ಬಲ ಮಗಾ, ದಾಲ ಆಪುಜಿ, ಬಾ ಮಗಾ ಏನೂ ಆಗುವುದಿಲ್ಲ, ಎಂದು ತುಳುವಿನಲ್ಲಿ ಹೇಳುತ್ತಿದ್ದೆ. ನಾಲ್ಕೈದು ನಿಮಿಷ. ವಾರಗಟ್ಟಲೆ, ದಿನವೂ. ನೀರು ಕುಡಿದವು ತಕರಾರಿಲ್ಲದೆ ಗೂಡಿಗೆ ಹೋಗುತ್ತಿದ್ದವು. ಅವಕ್ಕೆ ಸಮಾಧಾನದ ಅಗತ್ಯ ಕಾಣಲಿಲ್ಲ. ದಾಖಲೆ ಪುಸ್ತಕದಲ್ಲಿ ಇದನ್ನು ಬರೆಯಲಿಲ್ಲ. ಮಗುವಿಗೆ ಔಷಧಿ ಕುಡಿಸಿ ತಲೆ ಸವರಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ?

ಇನ್ನೊಂದು ಸಂಗತಿ. ತೊಟ್ಟಿಯ ತಳ ಒಂದು ಕಡೆ ಮಾತ್ರ ಸಮವಾಗಿತ್ತು, ಬೇರೆ ಕಡೆ ಪ್ಲಾಟ್‌ಫಾರ್ಮ್ ವಾಲುತ್ತಿತ್ತು. ಅದಕ್ಕೇ ಯಾವಾಗಲೂ ಅಲ್ಲೇ ಇಡುತ್ತಿದ್ದೆವು. ಇಲಿ ಜಾಗ ಸೇರಿದ ಕೂಡಲೇ ಎತ್ತಿ ಒರೆಸಬೇಕಲ್ಲ, ಹಾಗಾಗಿ ನಾನು ಅದರ ಪಕ್ಕದಲ್ಲೇ, ತೊಟ್ಟಿಯ ಹೊರಗೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಲ್ಲುತ್ತಿದ್ದೆ.

ಫಲಿತಾಂಶ ಬಂತು. ಬರೀ ಚುಚ್ಚುಮದ್ದಿನ ಇಲಿಗಳು ಗೋಡೆ ಸುತ್ತಿದವು. ಒಂದೆಲಗದ ಇಲಿಗಳು ಚುಚ್ಚುಮದ್ದು ತೆಗೆದುಕೊಂಡೂ ನೇರವಾಗಿ ಬಂದು ಪ್ಲಾಟ್‌ಫಾರ್ಮ್ ಹತ್ತಿದವು. ಇನ್ನೊಂದು ತಂಡದಲ್ಲಿ ಮತ್ತೆ ಮಾಡಿದೆವು, ಮತ್ತೆ ಅದೇ. ಆಫೀಸಿನಲ್ಲಿ ಪೇಡೆ ಹಂಚಿದರು. ಇನಾಮದಾರ್ ಸರ್ ಪೇಡೆ ಬಾಯಿಗಿಟ್ಟು, ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಅದರ ಕಾರಣ ನನಗೊಬ್ಬಳಿಗೇ ಗೊತ್ತಿತ್ತು ಎಂದು ಈಗ ಬರೆಯಬೇಕೆನಿಸುತ್ತದೆ. ಬಹುಶಃ ಎಲ್ಲರಿಗೂ ಗೊತ್ತಿತ್ತು.

ಅವರ ಹೆಂಡತಿ ಸುಧಾ ಠಾಣೆಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಪ್ರತಿ ಶನಿವಾರ ನಮಗೆಲ್ಲ ಶೇಂಗಾ ಚಟ್ನಿಪುಡಿ ಕಳಿಸುತ್ತಿದ್ದರು. ಡಬ್ಬಿಯ ಮುಚ್ಚಳದ ಮೇಲೆ ಪ್ರತಿಯೊಬ್ಬರ ಹೆಸರು. ಒಂದು ಶನಿವಾರ ತೊಳೆದ ಖಾಲಿ ಡಬ್ಬಿ ಬಂತು. ಮುಂದಿನ ವಾರ ನನ್ನ ಹೆಸರಿನದೇ ಮೂರು ಡಬ್ಬಿ. ನಾವು ನಕ್ಕೆವು, ಸರ್ ಕೂಡ ನಕ್ಕರು. ಕೆಲವು ತಿಂಗಳ ನಂತರ ನರರೋಗದ ಡಾಕ್ಟರು ಕಾಯಿಲೆಯ ಹೆಸರು ಹೇಳಿ ಮಾತ್ರೆ ಬರೆದುಕೊಟ್ಟರು. ಇಪ್ಪತ್ತು ವರ್ಷ ಇಲಿಗಳಲ್ಲಿ ಹುಡುಕಿದ ಕಾಯಿಲೆ ಘೋಡಬಂದರ್ ರಸ್ತೆಯ ಹನ್ನೊಂದನೆಯ ಮಹಡಿಯ ತಮ್ಮ ಮನೆಗೇ ಬಂದು ಕೂತದ್ದರ ಬಗ್ಗೆ ಸರ್ ಆಫೀಸಿನಲ್ಲಿ ಒಂದು ಮಾತೂ ಆಡಲಿಲ್ಲ.

ಫಲಿತಾಂಶ ಬಂದ ಮೇಲೆ ಅವರು ಬಾಲ್ಕನಿಯ ಕುಂಡಗಳಲ್ಲಿ ಒಂದೆಲಗ ಹಾಕಿದರು. ಮೊದಲ ಬಳ್ಳಿ ಕೊಟ್ಟವಳು ನಾನು. ಬೆಳಿಗ್ಗೆ, ಸಂಜೆ ಎಲೆ ಅರೆದು ರಸ ತೆಗೆದು ಸುಧಾ ಅವರಿಗೆ ಕುಡಿಸುತ್ತಿದ್ದರು. ಒಂದು ಭಾನುವಾರ ನೋಡಲು ಹೋದಾಗ ಆ ಕ್ರಮವನ್ನು ಕಣ್ಣಾರೆ ಕಂಡೆ. ಸುಧಾ ಬಾಯಿ ಬಿಗಿಹಿಡಿದು ಕೂತಿದ್ದರು. ಸರ್ ಪಕ್ಕದಲ್ಲಿ ಕುರ್ಚಿ ಎಳೆದು ಹದಿನೇಳರ ಮಗ್ಗಿಯನ್ನು ತಪ್ಪು ತಪ್ಪಾಗಿ ಹೇಳತೊಡಗಿದರು. ತಪ್ಪು ಕೇಳಿ ಸುಮ್ಮನಿರುವುದು ಗಣಿತದ ಬಾಯಾರಿಗೆ ಸಾಧ್ಯವಿರಲಿಲ್ಲ.

"ಹದಿನೇಳೊಂಬತ್ಲೆ ನೂರಾ ಐವತ್ಮೂರು," ಎಂದರು ಸುಧಾ. "ಇಷ್ಟ ವರ್ಷ ಏನ್ ಕಲ್ತ್ರಿ ನೀವು?"

ಹೇಳಲು ತೆರೆದ ಬಾಯಿಗೆ ಒಂದು ಚಮಚ ರಸ. ಮುಂದಿನ ಸಾಲಿಗೆ ಇನ್ನೊಂದು. ಅರ್ಧ ಗಂಟೆ ಹಿಡಿಯಿತು. ಎರಡು ತಿಂಗಳ ಹಿಂದೆ ಎರಡರ ಮಗ್ಗಿಯೂ ಬರುತ್ತಿರಲಿಲ್ಲ ಎಂದು ಸರ್ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು. ಒಂದು ಪುಸ್ತಕ ತೋರಿಸಿದರು: ಶಾಯಿಯಲ್ಲಿ ದಿನಾಂಕ, ಎಷ್ಟರ ಮಗ್ಗಿ, ಎಷ್ಟು ತಪ್ಪು. ತಪ್ಪು ಕಡಿಮೆಯಾಗುತ್ತ ಬಂದಿತ್ತು. ಡಾಕ್ಟರ ಮಾತ್ರೆಯಿಂದ ಹೊಟ್ಟೆ ತೊಳಸುತ್ತದೆ, ಊಟ ಸೇರುವುದಿಲ್ಲ, ಮೈ ಇಳಿದಿದೆ; ಎಲೆ ಇಷ್ಟು ಕೆಲಸ ಮಾಡುತ್ತಿರುವಾಗ ಮಾತ್ರೆ ನಿಲ್ಲಿಸಬೇಕೆಂದಿದ್ದೇನೆ ಎಂದರು. ಡಾಕ್ಟರನ್ನು ಕೇಳಿ ಎಂದೆ. ಕೇಳಿದರೆ ಬೇಡ ಎನ್ನುತ್ತಾರೆ, ಅವರ ಬಳಿ ನಮ್ಮ ಫಲಿತಾಂಶ ಇಲ್ಲವಲ್ಲ ಎಂದರು. ಹೊರಡುವಾಗ ಸುಧಾ ನನ್ನ ಕೈ ಹಿಡಿದು, ನೀವು ಯಾರ ಪೈಕಿ ಎಂದು ಕೇಳಿದರು. ಇವರ ಆಫೀಸಿನ ಪೈಕಿ ಎಂದೆ. ಅದಕ್ಕೆ ಅವರು ಬಹಳ ಸಂತೋಷಪಟ್ಟರು.

ನಂತರ ಕ್ಯಾಮೆರಾ ಬಂತು.

ಅಲ್ಲಿಯವರೆಗೆ ಇಲಿ ಈಜಿದ ದಾರಿಯನ್ನು ನಾವು ಕಾಗದದ ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದೆವು. ಕ್ಯಾಮೆರಾ ತೊಟ್ಟಿಯ ಮೇಲೆ, ಛಾವಣಿಯಿಂದ ನೇತಾಡುತ್ತ, ತಾನೇ ಗೆರೆ ಎಳೆಯುತ್ತಿತ್ತು. ಅದನ್ನು ತರಿಸಿದವನು ಅಂಕಿಅಂಶ ನೋಡಿಕೊಳ್ಳುತ್ತಿದ್ದ ಶ್ರೀಧರ. ಮೈಸೂರಿನವನು, ನನ್ನದೇ ವಯಸ್ಸು, ನಮ್ಮ ಪೆನ್ಸಿಲ್ ಗೆರೆಗಳನ್ನು ರಂಗೋಲಿ ಎಂದು ಹೀಯಾಳಿಸುತ್ತಿದ್ದವನು. ಕ್ಯಾಮೆರಾದ ತಂತಿಗಳ ಪೆಟ್ಟಿಗೆಯನ್ನು ಗೋಡೆಗೆ ಬಡಿದರು, ಸರಿಯಾಗಿ ನಾನು ನಿಲ್ಲುತ್ತಿದ್ದ ಜಾಗದಲ್ಲೇ. ಹಾಗಾಗಿ ನಾನು ತೊಟ್ಟಿಯ ಎದುರು ಬದಿಗೆ ಹೋದೆ. ಪ್ಲಾಟ್‌ಫಾರ್ಮ್ ಮಾತ್ರ ಹಳೆಯ ಜಾಗದಲ್ಲೇ ಇತ್ತು.

ಹೊಸ ತಂಡದ ಒಂದೆಲಗದ ಇಲಿಗಳು ಅವತ್ತು ಪೂರ್ತಿ ಸೋತವು. ಬರೀ ಚುಚ್ಚುಮದ್ದಿನ ಇಲಿಗಳಿಗಿಂತಲೂ ತಡ. ನಾನು ಕ್ಯಾಮೆರಾದ ದೀಪವನ್ನು ಬೈದೆ. ಎಲೆಯ ಹೊಸ ಕಂತನ್ನು ಬೈದೆ. ಪಕ್ಕದ ಕೋಣೆಯಿಂದ ಶ್ರೀಧರ ಕರೆದ. ಪರದೆಯ ಮೇಲೆ ಗೆರೆಗಳು. ಬೇರೆ ಗುಂಪುಗಳ ಗೆರೆ ಎಲ್ಲೆಲ್ಲೋ ಸುತ್ತಿದ್ದವು. ಒಂದೆಲಗದ ಗುಂಪಿನವು ಮಾತ್ರ ಒಂದಾದ ಮೇಲೊಂದು, ನೀರಿಗೆ ಬಿದ್ದ ಕೂಡಲೇ, ನೆಟ್ಟಗೆ ಒಂದೇ ಕಡೆಗೆ ಹೋಗಿದ್ದವು. ಪ್ಲಾಟ್‌ಫಾರ್ಮಿನ ಎದುರು ಬದಿಗೆ. ಅಲ್ಲಿ ಗೋಡೆಯನ್ನು ಕೆರೆದು, ತಡವಾಗಿ ತಿರುಗಿದ್ದವು.

"ಅವು ಪ್ಲಾಟ್‌ಫಾರ್ಮ್ ಹುಡುಕ್ತಿಲ್ಲ ಮೇಡಂ," ಎಂದ ಶ್ರೀಧರ. ಅವನಿಗೆ ಅದು ಇನ್ನೂ ತಮಾಷೆಯಾಗಿಯೇ ಇತ್ತು. "ನಿಮ್ಮನ್ನ ಹುಡುಕ್ತಿವೆ."

ನಾನು ಒಳಗೆ ಹೋಗಿ ಬೇರೊಂದು ಕಡೆ ನಿಂತೆ. ಇಲಿ ಬಂತು. ಇನ್ನೊಂದು ಕಡೆ ನಿಂತೆ. ಅಲ್ಲಿಗೂ ಬಂತು, ಮುಂಗಾಲುಗಳಿಂದ ಗೋಡೆ ಕೆರೆಯುತ್ತ, ಹಾಲು ಮೆತ್ತಿದ ಮೂತಿ ಎತ್ತಿ ನನ್ನನ್ನು ನೋಡಿತು. ನೋಡಿತು ಎನ್ನುವುದು ತಿಳಿದದ್ದು, ಕಂಡದ್ದಲ್ಲ. ಆದರೂ ನನ್ನ ಇಡೀ ವೃತ್ತಿಯಲ್ಲಿ ಯಾರೂ ನನ್ನನ್ನು ಹಾಗೆ ಹುಡುಕಿಕೊಂಡು ಬಂದಿರಲಿಲ್ಲ. ಇಲಿಯನ್ನು ಎತ್ತಿ ಟವೆಲಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತೆ. ಪೇಡೆ ಹಂಚಿದ ಆ ಫಲಿತಾಂಶ ಎಲೆಯದೋ, ನನ್ನ ಮಡಿಲಿನದೋ? ಎಲೆಯ ಪಾಲು ಇದ್ದರೆ ಎಷ್ಟು? ಅದನ್ನು ಬೇರ್ಪಡಿಸಲು ದಾರಿಯೇ ಇರಲಿಲ್ಲ. ಅದನ್ನು ನಂಬಿ ಘೋಡಬಂದರ್ ರಸ್ತೆಯಲ್ಲಿ ಒಬ್ಬರು ಮಾತ್ರೆ ನಿಲ್ಲಿಸಲು ಹೊರಟಿದ್ದರು.

ಸರಿ, ಕೂಡಲೇ ಹೋಗಿ ಹೇಳಬೇಕಿತ್ತು. ಸರ್ ಆ ದಿನಗಳಲ್ಲಿ ರಜೆಯಲ್ಲಿದ್ದರು, ಫೋನಿನಲ್ಲಿ ಹೇಳುವ ಮಾತಲ್ಲ ಎಂದುಕೊಂಡೆ. ಇನ್ನೊಮ್ಮೆ ಖಚಿತಪಡಿಸಿಕೊಳ್ಳೋಣ ಎಂದುಕೊಂಡೆ. ಹೆದರಿಕೆಯೇ ನಿಜವಾದ ಕಾರಣ. ಸರ್ ಬರೆಯುತ್ತಿದ್ದ ಮಗ್ಗಿಯ ಪುಸ್ತಕದಲ್ಲಿ ಇಳಿಯುತ್ತ ಬಂದಿದ್ದ ತಪ್ಪುಗಳ ಸಂಖ್ಯೆಯನ್ನು ನಾನು ನೋಡಿದ್ದೆ.

ಹೋದದ್ದು ಒಂದು ಭಾನುವಾರ ಮಧ್ಯಾಹ್ನ. ಸುಧಾ ಒಳಗೆ ಮಲಗಿದ್ದರು. ಈ ಭೇಟಿಯ ಎರಡು ರೂಪಗಳು ನನ್ನ ತಲೆಯಲ್ಲಿವೆ. ಒಂದರಲ್ಲಿ ನಾನು ಬಾಲ್ಕನಿಯಲ್ಲಿ ನಿಂತು, ಒಂದೆಲಗದ ಕುಂಡಗಳ ನಡುವೆ, ಧೈರ್ಯವಾಗಿ ಎಲ್ಲ ಹೇಳುತ್ತೇನೆ. ಇನ್ನೊಂದರಲ್ಲಿ ಚಹಾ ಆರುವವರೆಗೂ ದಿವಾ ಸ್ಟೇಷನ್ನಿನಲ್ಲಿ ಗಾಡಿ ನಿಂತ ಕತೆ, ಕಳಂಬೋಲಿಯಲ್ಲಿ ಟ್ರಕ್ಕುಗಳ ಸಾಲಿನಲ್ಲಿ ನನ್ನ ಗಂಡ ಸಿಕ್ಕಿಹಾಕಿಕೊಂಡ ಕತೆ ಹೇಳುತ್ತ ಕೂತು, ಸರ್ ತಾವಾಗಿಯೇ ಏನಾತ್ರಿ ಎಂದು ಕೇಳಿದ ಮೇಲೆ ಬಾಯಿ ಬಿಡುತ್ತೇನೆ. ಎರಡನೆಯದೇ ನಡೆದಿರಬೇಕು, ಅದರಲ್ಲಿ ನಾನು ಚೆನ್ನಾಗಿ ಕಾಣುವುದಿಲ್ಲ.

"ಸರ್, ನನ್ನಿಂದ ಒಂದು ತಪ್ಪಾಗಿದೆ," ಎಂದೆ. ಮಡಿಲು, ಒದ್ದೆ ಬಟ್ಟೆ, ನಿಂತ ಜಾಗ, ಪರದೆಯ ಗೆರೆಗಳು, ಎಲ್ಲ ಹೇಳಿದೆ. ಮುಗಿದ ಮೇಲೆ ಅವರು ಚಹಾದ ಲೋಟ ಬದಿಗಿಟ್ಟರು.

"ಅಂದ್ರ ಅವು ನಿಮ್ಮನ್ನ ಹಚ್ಚಿಕೊಂಡಿದ್ವು," ಎಂದರು.

"ಹೌದು ಸರ್."

"ಎಲಿ ಕೆಲಸ ಮಾಡಿಲ್ಲಂತೀರೇನು?"

"ಗೊತ್ತಿಲ್ಲ ಸರ್. ಮಾಡಿರಲೂಬಹುದು. ನನ್ನಿಂದಾಗಿ ಅದು ಕಾಣುವ ಹಾಗಿಲ್ಲ."

ಅವರು ಒಳಗಿನ ಕೋಣೆಯ ಬಾಗಿಲಿನ ಕಡೆ ನೋಡಿದರು. ಆಮೇಲೆ ಸಹಜವಾಗಿ, ಇವತ್ತು ಹಾಲು ಬಂದಿಲ್ಲ ಎನ್ನುವಷ್ಟು ಸಹಜವಾಗಿ ಹೇಳಿದರು: "ಗುಳಿಗಿ ಬಂದ್ ಮಾಡಿ ಹತ್ತ ದಿನ ಆತ್ರಿ."

ನಾನು ಅತ್ತೆ ಎಂದು ಬರೆಯಲಾರೆ. ಅತ್ತ ನೆನಪಿಲ್ಲ. ಅವರು ಎದ್ದು ಫೋನು ತೆಗೆದು ಡಾಕ್ಟರಿಗೆ ಮಾತಾಡಿದ್ದು ನೆನಪಿದೆ. ಆ ಕಡೆಯಿಂದ ಏನೋ ಗದರಿಕೆ, ಈ ಕಡೆ ಇವರು ಶಾಲೆಯ ಹುಡುಗನ ಹಾಗೆ ಹೌದು ಹೌದು ಎಂದದ್ದು. ಅವತ್ತೇ ಸಂಜೆಯಿಂದ ಮಾತ್ರೆ ಮತ್ತೆ ಶುರುವಾಯಿತು. ಊಟದ ಜೊತೆ ಕೊಟ್ಟರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ ಎಂದರಂತೆ ಡಾಕ್ಟರು. ಎಲೆಯ ರಸವನ್ನು ಸದ್ಯಕ್ಕೆ ಬೇಡ ಎಂದರಂತೆ. ನಾನು ಚಪ್ಪಲಿ ಮೆಟ್ಟುವಾಗ ಸರ್ ಬಾಗಿಲಿಗೆ ಬಂದರು.

"ಮತ್ತ ಮಾಡೂಣು," ಎಂದರು. "ಈ ಸಲ ಎಲ್ಲಾ ಇಲಿ ಕೂಡನೂ ಅಷ್ಟ ಮಾತಾಡ್ರಿ. ಒಂದಕ್ಕ ಹೆಚ್ಚಿಲ್ಲ, ಒಂದಕ್ಕ ಕಮ್ಮಿ ಇಲ್ಲ. ತುಳುದಾಗ ಆದ್ರೂ ನಡೀತದ."

ಮಾತಾಡುವುದನ್ನು ಬಿಡಿ ಎನ್ನಲಿಲ್ಲ. ನನಗೆ ಸಿಕ್ಕ ಮೇಲಧಿಕಾರಿ ಎಂಥವರು ಎಂದು ಯಾರಾದರೂ ಕೇಳಿದರೆ ಈ ಒಂದು ಮಾತು ಹೇಳಿ ಸುಮ್ಮನಾಗುತ್ತೇನೆ.

ಮತ್ತೆ ಮಾಡಿದೆವು. ಸೀಸೆಗಳಿಗೆ ಶ್ರೀಧರ ಗುಟ್ಟಿನ ಗುರುತು ಹಾಕಿದ. ನೀರಿಗೂ ಹಸಿರು ಬಣ್ಣ, ಕಹಿ ಬೆರೆಸಿದೆವು. ಯಾವುದು ಯಾವ ಗುಂಪು ಎಂದು ನನಗೆ ಗೊತ್ತಿರಲಿಲ್ಲ. ಪ್ರತಿ ಇಲಿಗೂ ಗಡಿಯಾರ ಇಟ್ಟು ನಾಲ್ಕು ನಿಮಿಷ ಮಡಿಲು. ತೊಟ್ಟಿಯ ಸುತ್ತ ಪರದೆ ಹಾಕಿ ನಾನು ಹೊರಗೆ ನಿಂತೆ. ಇವತ್ತು ನೀವು ಸೇರುವಾಗ ಇದೆಲ್ಲ ಮೊದಲ ವಾರದ ನಿಯಮ; ನಿಮ್ಮ ಕೈಪಿಡಿಯಲ್ಲಿ ಒಂದು ಸಾಲು. ಆ ಸಾಲು ಒಂದೊಂದು ಕಡೆ ಒಬ್ಬೊಬ್ಬರ ಎಡವಟ್ಟಿನಿಂದ ಹುಟ್ಟಿರುತ್ತದೆ. ಓದುವಾಗ ಸ್ವಲ್ಪ ನಿಧಾನವಾಗಿ ಓದಿ.

ಗುಟ್ಟು ಬಿಚ್ಚಿದಾಗ ಒಂದೆಲಗದ ಗುಂಪು ಸ್ವಲ್ಪ ಮುಂದಿತ್ತು. ಸ್ವಲ್ಪವೇ. ಇದೆ ಎನ್ನಲು ಸಾಲದು, ಇಲ್ಲ ಎನ್ನಲು ಮನಸ್ಸು ಬಾರದು, ಅಷ್ಟು. ಎಲ್ಲ ಇಲಿಗಳೂ, ಬರೀ ಚುಚ್ಚುಮದ್ದಿನವೂ ಸೇರಿ, ಹಿಂದಿನ ತಂಡಗಳಿಗಿಂತ ಚೆನ್ನಾಗಿ ಈಜಿದ್ದವು. ಇನಾಮದಾರ್ ಸರ್ ಹಳೆಯ ಫಲಿತಾಂಶದ ಮೇಲೆ ಒಂದೇ ಗೆರೆ ಎಳೆದು, ಕೆಳಗಿನದು ಓದಲು ಬರುವ ಹಾಗೆ, ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಿದರು. ನನ್ನ ಹೆಸರು ಬರೆಯಲಿಲ್ಲ. ಇಲಿಗಳ ಆರೈಕೆಯಲ್ಲಿ ಅಸಮಾನತೆ ಎಂದು ಬರೆದರು. ಕಂಪನಿಯವರಿಗೆ ಸಣ್ಣ ವ್ಯತ್ಯಾಸದಲ್ಲಿ ಆಸಕ್ತಿ ಇರಲಿಲ್ಲ. ಬೇರೊಂದು ಗಿಡ ಬಂತು. ಒಂದೆಲಗ ಕಪಾಟಿಗೆ ಹೋಯಿತು.

ಸುಧಾ ಅವರ ಬಗ್ಗೆ ಹೇಳುತ್ತೇನೆ. ಮಾತ್ರೆ ಮತ್ತೆ ಶುರುವಾದ ಮೇಲೂ, ಅದು ನಿಂತಾಗ ಹೋದ ಹದಿನೇಳರ ಮಗ್ಗಿ ತಿರುಗಿ ಬರಲಿಲ್ಲ. ಹನ್ನೆರಡರವರೆಗೆ ಬಂತು, ಕೆಲವು ದಿನ ನಿಂತಿತು, ಆಮೇಲೆ ಇಳಿಯಿತು. ಎಲೆಯ ರಸ ನಿಂತಿದ್ದರೂ ಸರ್ ಬೆಳಿಗ್ಗೆ, ಸಂಜೆ ಅರ್ಧ ಗಂಟೆ ಕುರ್ಚಿ ಎಳೆದು ಕೂತು ತಪ್ಪು ಮಗ್ಗಿ ಹೇಳುವುದನ್ನು ನಿಲ್ಲಿಸಲಿಲ್ಲ. ಸುಧಾ ಅವರಿಗೆ ತಪ್ಪು ಹಿಡಿಯಲು ಬರದಾದ ಮೇಲೂ, ತಪ್ಪು ಕೇಳಿದಾಗ ಹುಬ್ಬು ಗಂಟಿಕ್ಕುವುದು ಉಳಿದಿತ್ತು. ಸರ್ ಅದಕ್ಕಾಗಿಯೇ ಕಾಯುತ್ತಿದ್ದರು. ಒಮ್ಮೆ ನನಗೂ ತೋರಿಸಿದರು, ಮೊಮ್ಮಗುವಿನ ಹಲ್ಲು ತೋರಿಸುವ ಹಾಗೆ. ಸುಧಾ ಅವರು ಈಗಿಲ್ಲ. ಸರ್ ಇದ್ದಾರೆ, ಮಗಳ ಜೊತೆ ಪುಣೆಯಲ್ಲಿ. ಹಬ್ಬಕ್ಕೆ ಫೋನು ಮಾಡುತ್ತಾರೆ, ಜಲಜಾಬಾಯಾರ ಎನ್ನುತ್ತಾರೆ.

ನಮ್ಮ ಕಟ್ಟಡದ ಹೆಂಗಸರು, ನಾನು ಈ ಕೆಲಸದಲ್ಲಿದ್ದೆ ಎಂದು ತಿಳಿದವರು, ಒಂದೆಲಗ ತಿಂದರೆ ಮರೆವು ಬರುವುದಿಲ್ಲವೇ ಎಂದು ಕೇಳುತ್ತಾರೆ. ಚಟ್ನಿ ರುಚಿಯಾಗಿರುತ್ತದೆ, ಡಾಕ್ಟರ ಮಾತ್ರೆ ಬಿಡಬೇಡಿ ಎನ್ನುತ್ತೇನೆ. ಆ ಎರಡು ತಿಂಗಳು ಸುಧಾ ಅವರಲ್ಲಿ ಕಂಡ ಚೇತರಿಕೆ ಎಲೆಯದೋ, ಮಾತ್ರೆಯದೋ, ಪಕ್ಕದಲ್ಲಿ ಎಳೆದ ಕುರ್ಚಿಯದೋ, ಅಥವಾ ಆ ಕಾಯಿಲೆ ತಾನೇ ನಡುನಡುವೆ ಕೊಡುವ ಬಿಡುವೋ, ನನಗೆ ಗೊತ್ತಿಲ್ಲ. ಕುರ್ಚಿಯೇ ಇರಬೇಕು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಹಾಗೆ ಬರೆಯಲು ನನ್ನ ಬಳಿ ಆಧಾರವಿಲ್ಲ.

ಇನ್ನೊಂದು ಗೊತ್ತಿಲ್ಲದ್ದಿದೆ. ಇಲಿ ನನ್ನ ಕಡೆಗೆ ಈಜಿ ಬಂದ ದಿನಕ್ಕೂ ಆ ಭಾನುವಾರಕ್ಕೂ ನಡುವೆ ನನ್ನ ನೆನಪಿನಲ್ಲಿ ಮೂರು ದಿನ. ಹೋದ ವರ್ಷ ಖಾರ್ಘರ್‌ನಲ್ಲಿ ಒಂದು ಮದುವೆಯಲ್ಲಿ ಶ್ರೀಧರ ಸಿಕ್ಕಿದ್ದ. ಮಾತಿಗೆ ಮಾತು ಬಂತು. ಮೂರು ದಿನ ಅಲ್ಲ, ಮೂರು ವಾರ ನೀವು ಒದ್ದಾಡಿದಿರಿ, ದಿನವೂ ಊಟದ ಹೊತ್ತಿಗೆ ನನ್ನ ಹತ್ತಿರ ಬಂದು ಹೇಗೆ ಹೇಳಲಿ ಎನ್ನುತ್ತಿದ್ದಿರಿ ಎಂದ. ಅವನಿಗೆ ಸುಳ್ಳು ಹೇಳುವ ಕಾರಣವಿಲ್ಲ. ಮಾತ್ರೆ ನಿಂತದ್ದು ಆ ಭಾನುವಾರಕ್ಕೆ ಹತ್ತು ದಿನ ಮೊದಲು. ಮೂರು ದಿನವಾಗಿದ್ದರೆ, ನನಗೆ ತಪ್ಪು ಗೊತ್ತಾಗುವ ಮೊದಲೇ ಮಾತ್ರೆ ನಿಂತಿತ್ತು. ಮೂರು ವಾರವಾಗಿದ್ದರೆ, ನಾನು ಗೊತ್ತಿದ್ದೂ ಸುಮ್ಮನಿದ್ದಾಗ ನಿಂತಿತು. ದಾಖಲೆ ಪುಸ್ತಕಗಳು ಕಂಪನಿಯ ಬಳಿ ಇದ್ದವು. ಪ್ರಯೋಗಶಾಲೆ ಬೇರೆ ಊರಿಗೆ ಹೋದಾಗ ಹಳೆಯದನ್ನೆಲ್ಲ ನಾಶ ಮಾಡಿದರು. ಇನಾಮದಾರ್ ಸರ್‌ಗೆ ಮಾತ್ರೆ ನಿಲ್ಲಿಸಿದ ದಿನ ಗೊತ್ತು, ಅವರ ಪುಸ್ತಕದಲ್ಲಿ ಇರುತ್ತದೆ. ಇಲಿ ಬಂದ ದಿನ ಯಾವುದು ಎಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಮೂರು ದಿನ ಮೊದಲು ಎನ್ನುತ್ತಿದ್ದೆ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ.